ಏಳನೇ ನಂಬರಿನ ಫ್ಲಾಪಿ

ಹಲಸೂರು
೧೨-೮-೨೦೦೨, ಸೋಮವಾರ

ಚಿ. ಮೋನಿಷಾಳಿಗೆ ಆಶೀರ್ವಾದ.

ಕ್ಷೇಮ ಸಮಾಚಾರ ಕೊನೆಗಿರಲಿ, ಮೊದಲು ಕೆಲಸದ ಮಾತು. ವಾಜಿದನ ಅಂಗಡಿಯ ಸ್ಪರ್ಧೆಗೆ ಕೊಟ್ಟಿರುವ ಫ್ಲಾಪಿಯನ್ನು ನೀನು ವಾಪಸ್ ತೆಗೆದುಕೊಳ್ಳಬೇಡ. ಯಾಕೆ ಎಂದು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಹಾಸ್ಟೆಲಿನವರು ನಿನ್ನನ್ನು ಕರೆದು ತರುವಷ್ಟರಲ್ಲಿ ನನಗೆ ಮಾತು ಮರೆತಿರುತ್ತದೆ, ಬಂದ ಮೇಲೆ ನೀನು ನಡುವೆ ಬಾಯಿ ಹಾಕುತ್ತೀಯ. ಹಲಸೂರಿನಿಂದ ಬೆನ್ಸನ್ ಟೌನಿಗೆ ಕಾಗದ ಹಾಕುವವಳು ನಾನೊಬ್ಬಳೇ ಇರಬೇಕು. "ಲೆಟರ್ ಬರೆಯೋ ಬದ್ಲು ಬಸ್ ಹತ್ಬಾರ್ದಾ" ಎಂದು ನಿಮ್ಮಪ್ಪ ಎರಡು ಸಲ ಹೇಳಿದರು. ಬೇಕಾದರೆ ಅವರೇ ಹತ್ತಲಿ.

ನಾನು ಇದರೊಳಗೆ ಹೇಗೆ ಸೇರಿಕೊಂಡೆ ಎಂದು ನಿನಗೆ ಅನ್ನಿಸಿರಬಹುದು. ವಾಜಿದ್ ನನ್ನ ಹಳೇ ವಿದ್ಯಾರ್ಥಿ. ಏಳರ ಮಗ್ಗಿ ಅವನಿಗೆ ಇವತ್ತಿಗೂ ಬಾರದು, ಆದರೂ ಎಂಟು ಕಂಪ್ಯೂಟರ್ ಇಟ್ಟುಕೊಂಡು ಗೇಮ್ ಅಂಗಡಿ ನಡೆಸುತ್ತಾನೆ. ಹುಡುಗರು ಆಡುವ ಆ ಓಡುವ, ಹಾರುವ, ಬೀಗದ ಕೈ ಹುಡುಕುವ ಆಟಕ್ಕೆ ಅಭಿಮಾನಿಗಳು ತಾವೇ ಹೊಸ ಲೆವೆಲ್ ಕಟ್ಟಬಹುದಂತಲ್ಲ, ಅದಕ್ಕೆ ಕಳೆದ ವರ್ಷ ಸ್ಪರ್ಧೆ ಇಟ್ಟು, ಜಗಳವಾಗಿ ಬಾಗಿಲಿನ ಗಾಜು ಒಡೆಸಿಕೊಂಡ. ಗೆದ್ದವನು ಇಂಟರ್‌ನೆಟ್ಟಿನಿಂದ ಯಾರದೋ ಲೆವೆಲ್ ಇಳಿಸಿ ಗೋಡೆಯ ಬಣ್ಣ ಮಾತ್ರ ಬದಲಾಯಿಸಿದ್ದನಂತೆ. ಇನ್ನೊಬ್ಬನದು ಕಟ್ಟಿದವನಿಗೇ ದಾಟಲು ಆಗದ್ದು. ಈ ವರ್ಷ ಬಂದು, "ಮಿಸ್, ರೂಲ್ಸು ನೀವೇ ಬರ್ಕೊಡಿ, ಜಡ್ಜೂ ನೀವೇ ಆಗ್ಬಿಡಿ. ರಂಗೋಲಿ ಕಾಂಪಿಟಿಷನ್‌ನಲ್ಲಿ ನಿಮ್ಮುಂದೆ ಯಾರೂ ಬಾಯಿ ಬಿಡಲ್ಲ" ಎಂದ. ಆ ಆಟ ನನಗೆ ಬರುವುದಿಲ್ಲ ಎಂದೆ. ಕಲಿಸುತ್ತೇನೆ ಎಂದ. ಮಗ್ಗಿ ಕಲಿಯದವನು ನನಗೆ ಕಲಿಸಿದ, ಅದನ್ನೂ ಬರೆದುಬಿಡುತ್ತೇನೆ.

ಲೆವೆಲ್ ಕಟ್ಟುವ ಪರದೆ ತೆರೆದಾಗ ಮೊದಲು ಕಾಣುವುದು ಬರೀ ಚುಕ್ಕಿ. ಅದನ್ನು ನೋಡಿ ನನ್ನ ಅರ್ಧ ಭಯ ಹೋಯಿತು. ಹತ್ತೊಂಬತ್ತು ವರ್ಷ ಸಂಕ್ರಾಂತಿಗೆ ಬೀದಿಯ ರಂಗೋಲಿಗೆ ಅಂಕ ಹಾಕಿದವಳು ನಾನು, ಹೆಣ್ಣುಮಕ್ಕಳು ಮಾಡುವ ಮೋಸ ಎಷ್ಟು ಬಗೆ ಎಂದು ನನಗೆ ಗೊತ್ತು. ಹಾಗಾಗಿ ನಿಯಮಗಳನ್ನು ಅಲ್ಲಿಂದಲೇ ತಂದೆ. ಫ್ಲಾಪಿಯ ಮೇಲೆ ಹೆಸರು ಇರಬಾರದು, ನಂಬರ್ ಇರಬೇಕು. ಯಾವ ನಂಬರ್ ಯಾರದು ಎನ್ನುವ ಪಟ್ಟಿ ಸ್ಪರ್ಧೆಯ ದಿನದವರೆಗೆ ವಾಜಿದನ ಅಕ್ಕ ಸಾಲೇಹಾಳ ಹತ್ತಿರ ಮಾತ್ರ. ತಾನು ಕಟ್ಟಿದ್ದನ್ನು ತಾನೇ ಎಲ್ಲರ ಮುಂದೆ ಆಡಿ ಮುಗಿಸಬೇಕು, ತನಗೇ ಉತ್ತರ ಬಾರದ ಪ್ರಶ್ನೆಪತ್ರಿಕೆ ತೆಗೆಯುವ ಹಕ್ಕು ಯಾವ ಮೇಷ್ಟರಿಗೂ ಇಲ್ಲ. ಆಮೇಲೆ ಅರ್ಧ ಗಂಟೆಯಲ್ಲಿ ನಾವು ಹೇಳಿದ ಒಂದು ಬದಲಾವಣೆ ಮಾಡಿ ತೋರಿಸಬೇಕು. ಒಂದು ಸಾಲು ಚುಕ್ಕಿ ಹೆಚ್ಚಿಗೆ ಇಡು ಎಂದರೆ ಕದ್ದ ರಂಗೋಲಿಯವಳು ಅಲ್ಲೇ ಸಿಕ್ಕಿಬೀಳುತ್ತಿದ್ದಳು, ಇದೂ ಹಾಗೆಯೇ. ಬರೆದ ಅಂಕವನ್ನು ಆಮೇಲೆ ತಿದ್ದಿದರೆ, ತಿದ್ದಿದವರೂ ಸ್ಪರ್ಧಿಯೂ ಪಕ್ಕದಲ್ಲಿ ಸಹಿ ಹಾಕಬೇಕು. ಒಂದೇ ಸಹಿ ಇದ್ದರೆ ತಿದ್ದಿದ್ದು ಲೆಕ್ಕಕ್ಕಿಲ್ಲ.

ಇಷ್ಟಕ್ಕೆ ಯಾರೂ ತಕರಾರು ಮಾಡಲಿಲ್ಲ. ಜಗಳ ಬಂದದ್ದು ನೆಂಟರ ವಿಷಯಕ್ಕೆ. ತೀರ್ಪುಗಾರರ ನೆಂಟರು ಭಾಗವಹಿಸುವಂತಿಲ್ಲ ಎಂಬ ಸಾಲನ್ನು ವಾಜಿದ್ ಯಾವುದೋ ಸೋಪಿನ ಕಂಪನಿಯ ಬಹುಮಾನದ ಚೀಟಿಯಿಂದ ನಕಲು ಮಾಡಿಕೊಂಡು ಬಂದಿದ್ದ. ನನ್ನ ಜೊತೆಗೆ ತೀರ್ಪುಗಾರನಾಗಿದ್ದವನು ಮುನಿರಾಜಪ್ಪ, ಹೂವಿನ ಅಂಗಡಿಯವನು. ಹಲಸೂರಿನ ಹಳೇ ಮನೆಗಳಲ್ಲಿ ನೆಂಟಸ್ತಿಕೆ ಹಿಡಿದು ಹೊರಟರೆ ಯಾರು ಹೊರಗೆ ಉಳಿಯುತ್ತಾರೆ? ಸಾಲೇಹಾ ಪಟ್ಟಿ ನೋಡಿ, "ಹನ್ನೊಂದು ಜನದಲ್ಲಿ ಆರು ಜನ ಇವ್ರನ್ನ ಮಾಮ ಅಂತಾರೆ, ಮಿಸ್" ಎಂದಳು. ಆರು ಜನರನ್ನು ತೆಗೆದರೆ ಸ್ಪರ್ಧೆ ಎಲ್ಲಿ ಉಳಿಯಿತು? ಅದಕ್ಕೆ ನಾನು ಆ ಸಾಲನ್ನು ಹೊಡೆದುಹಾಕಿ ಹೀಗೆ ಬರೆದೆ: ನೆಂಟಸ್ತಿಕೆ ಇದ್ದರೆ ಸ್ಪರ್ಧಿಯನ್ನು ತೆಗೆಯಬಾರದು, ತೀರ್ಪುಗಾರನನ್ನು ತೆಗೆಯಬೇಕು. ಮುನಿರಾಜಪ್ಪ ಮುಖ ಊದಿಸಿಕೊಂಡು ಎದ್ದುಹೋದ. ಅವನ ಜಾಗಕ್ಕೆ ಹೊಸ ತಿಪ್ಪಸಂದ್ರದಿಂದ ನಕ್ಷೆ ಬರೆಯುವವರೊಬ್ಬರನ್ನು ಕರೆಸಿದೆವು. ಒಳ್ಳೆಯ ನಿಯಮ ಬರೆದೆ ಎಂದು ನನಗೆ ಹೆಮ್ಮೆಯೇ ಆಗಿತ್ತು. ಅದು ನನಗೂ ತಗುಲುತ್ತದೆ ಎಂದು ಆಗ ಗೊತ್ತಿರಲಿಲ್ಲ. ನೀನು ಹಾಸ್ಟೆಲಿನ ವಿಳಾಸ ಕೊಟ್ಟಿರಬೇಕು, ಸಾಲೇಹಾಳಿಗೂ ಗೊತ್ತಾಗಿರಲಿಲ್ಲ.

ಕಳೆದ ಮಂಗಳವಾರ ಏಳನೇ ನಂಬರಿನ ಫ್ಲಾಪಿ ಹಾಕಿಸಿಕೊಂಡು ಕೂತೆ. ದಿನಾ ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣ ಹೋಗುತ್ತಿದ್ದೆ. ನನ್ನ ಕೈ ನಿಧಾನ, ಮೂರು ದಿನ ಹಳ್ಳಕ್ಕೆ ಬಿದ್ದು ಬಿದ್ದು ಸತ್ತೆ. ಶುಕ್ರವಾರ ಕೊನೆಯ ಕೋಣೆಗೆ ತಲುಪಿದೆ. ನೆಲದ ತುಂಬ ಹದಿನೇಳು ಚುಕ್ಕಿಯ ರಂಗೋಲಿ, ಎಳೆಗಳೆಲ್ಲ ಗೋಡೆಗಳು. ಎಲ್ಲ ಬಾಗಿಲಿಗೂ ಬೀಗ. ನನ್ನ ಕೈ ತಾನಾಗಿಯೇ ಬಲಗಡೆಯ ಮೂಲೆಗೆ, ಮೂರನೇ ಸಾಲಿಗೆ ಹೋಯಿತು. ಅಲ್ಲಿ ಒಂದು ಎಳೆ ಕೂಡದೆ ಬಿಟ್ಟಿತ್ತು. ಹೊರಗೆ ಹೋಗುವ ದಾರಿ ಅದೊಂದೇ.

ಅದು ಯಾರ ಲೆವೆಲ್ ಎಂದು ಯಾವ ಪಟ್ಟಿಯೂ ನನಗೆ ಹೇಳಬೇಕಾಗಿರಲಿಲ್ಲ. ಎಂಬತ್ತೊಂಬತ್ತರ ಸಂಕ್ರಾಂತಿಗೆ ನೀನು ಹನ್ನೊಂದು ವರ್ಷದವಳು. ಅದೇ ಹದಿನೇಳು ಚುಕ್ಕಿ, ಅದೇ ಮೂಲೆಯಲ್ಲಿ ಕೂಡದ ಎಳೆ. ಅದಕ್ಕೆ ಎರಡು ಅಂಕ ಕಳೆದು ನಿನಗೆ ಎರಡನೇ ಸ್ಥಾನ ಕೊಟ್ಟೆ. ಎದುರು ಮನೆಯ ಕಾವೇರಿಗೆ ಮೊದಲನೆಯದು. ಮುಂದಿನ ಸಂಕ್ರಾಂತಿಯಿಂದ ನೀನು ರಂಗೋಲಿ ಹಿಟ್ಟು ಮುಟ್ಟಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಹೋದ ವರ್ಷ ನೀನು ಮೊದಲ ಸಲ ಕಟ್ಟಿದ ಲೆವೆಲ್ ತೋರಿಸಿದಾಗಲೂ ನಾನು ತಪ್ಪುಗಳನ್ನೇ ಎಣಿಸಿದೆ. ಅದಾದ ತಿಂಗಳಿಗೆ ನೀನು ಹಾಸ್ಟೆಲ್ ಸೇರಿದೆ. ಶಿವಾಜಿನಗರದ ಪ್ರೆಸ್ಸಿನ ಕೆಲಸಕ್ಕೆ ಹತ್ತಿರವಾಗುತ್ತದೆ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಇಲ್ಲಿಂದಲೇ ಬಸ್ಸಿನಲ್ಲಿ ಎಷ್ಟು ಸ್ವಲ್ಪ ಹೊತ್ತಿನ ದಾರಿ ಎಂದು ಅವರಿಗೂ ಗೊತ್ತು.

ಈಗ ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಕಾವೇರಿಯ ರಂಗೋಲಿಯಲ್ಲಿ ಎರಡು ಕಡೆ ಎಳೆ ಕೂಡಿರಲಿಲ್ಲ. ನಾನು ನೋಡಿದ್ದೆ. ಅದಕ್ಕೆ ಅಂಕ ಕಳೆಯಲಿಲ್ಲ. ಟೀಚರಮ್ಮ ಮಗಳಿಗೇ ಕೊಟ್ಟುಕೊಂಡಳು ಎಂದು ಬೀದಿಯಲ್ಲಿ ಮಾತು ಬರುತ್ತದೆ ಎಂದು ಹೆದರಿದೆ. ಆವತ್ತು ನಾನು ಕುರ್ಚಿ ಬಿಟ್ಟು ಏಳಬೇಕಾಗಿತ್ತು. ಕುರ್ಚಿ ಉಳಿಸಿಕೊಂಡು ನಿನ್ನನ್ನು ಇಳಿಸಿದೆ. ಎಲ್ಲರೂ ವೆಂಕಟಮ್ಮ ಟೀಚರ್ ಎಷ್ಟು ನ್ಯಾಯವಂತೆ ಎಂದರು, ನಾನೂ ಹದಿಮೂರು ವರ್ಷ ಅದನ್ನು ನಂಬಿಕೊಂಡು ಬಂದೆ. ಶುಕ್ರವಾರ ಆ ಪರದೆಯ ಮುಂದೆ ಕೂತಾಗ ನನಗೆ ನಾಚಿಕೆಯಾಯಿತು. ವಾಜಿದ್ ಬಂದು, "ಮಿಸ್, ಕಣ್ಣು ನೋಯ್ತಿದ್ಯಾ, ಲೈಟ್ ಕಮ್ಮಿ ಮಾಡ್ಲಾ" ಎಂದು ಕೇಳಿದ. ಹೌದು ಎಂದೆ.

ಅದೇ ಸಂಜೆ, ನನ್ನದೂ ಸೇರಿ, ತೀರ್ಪುಗಾರರ ಹೆಸರನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದರು. ಶನಿವಾರ ಬೆಳಿಗ್ಗೆ ಸಾಲೇಹಾ, "ಏಳನೇ ನಂಬರಿನವ್ರು ಫ್ಲಾಪಿ ವಾಪಸ್ ಕೇಳ್ತಿದ್ದಾರೆ, ಶುಕ್ರವಾರದೊಳ್ಗೆ ತೊಗೊಂಡ್ಹೋಗ್ತಾರಂತೆ" ಎಂದಳು, ಯಾರು ಎಂದು ಹೇಳಲಿಲ್ಲ. ಹನ್ನೊಂದರಲ್ಲಿ ಒಂದು ಯಾರದು ಎಂದು ನನಗೆ ಗೊತ್ತಾಗಿಹೋಗಿದೆ, ನಾನು ಕೂರುವಂತಿಲ್ಲ ಎಂದಷ್ಟೇ ವಾಜಿದನಿಗೆ ಹೇಳಿ, ನನ್ನ ಹೆಸರಿನ ಮೇಲೆ ನಾನೇ ಗೀಟು ಎಳೆದು ಬಂದೆ. ನನ್ನ ಜಾಗಕ್ಕೆ ದೊಮ್ಮಲೂರಿನ ಕಂಪ್ಯೂಟರ್ ಮೇಡಮ್ ಒಬ್ಬರು ಬರುತ್ತಾರೆ. ನಿನ್ನನ್ನು ಅವರಿಗೆ ಗೊತ್ತಿಲ್ಲ, ನನ್ನನ್ನೂ ಗೊತ್ತಿಲ್ಲ. ನೀನು ಗೆಲ್ಲುತ್ತೀಯೋ ಇಲ್ಲವೋ ನಾನು ಹೇಳಲಾರೆ. ಎರಡನೇ ಹಳ್ಳ ಸ್ವಲ್ಪ ಅಗಲವಾಯಿತು ಎನ್ನುವುದು ನನ್ನ ಅಭಿಪ್ರಾಯ, ಅದನ್ನು ಯಾರಿಗೂ ಹೇಳಿಲ್ಲ. ಆದರೆ ಈ ಸಲ ಸೋತರೆ ಲೆವೆಲ್ಲಿನಿಂದ ಸೋಲುತ್ತೀಯ, ನನ್ನಿಂದಲ್ಲ. ಅದಕ್ಕೇ ಫ್ಲಾಪಿ ಅಲ್ಲೇ ಇರಲಿ. ಸ್ಪರ್ಧೆ ಭಾನುವಾರ ಹತ್ತು ಗಂಟೆಗೆ.

ನಾವಿಬ್ಬರೂ ಕ್ಷೇಮ. ನಿಮ್ಮಪ್ಪನ ಮಂಡಿ ನೋವು ಇದ್ದಹಾಗೇ ಇದೆ. ನಿನ್ನ ಹಾಸಿಗೆಯ ಮೇಲೆ ಅವರು ಪೇಪರ್ ರಾಶಿ ಹಾಕಿದ್ದರು, ನಿನ್ನೆ ತೆಗೆಸಿದೆ.

ಇಂತಿ,
ನಿನ್ನ ಅಮ್ಮ
ವೆಂಕಟಮ್ಮ

ತಾ.ಕ.: ಎಂಬತ್ತೊಂಬತ್ತರ ಅಂಕದ ಪುಸ್ತಕ ಟ್ರಂಕಿನಲ್ಲಿ ಸಿಕ್ಕಿತು. ನಿನ್ನ ಹೆಸರಿನ ಮುಂದೆ ಸ್ಥಾನ ಎರಡು ಎಂದಿದ್ದುದನ್ನು ಹೊಡೆದು ಒಂದು ಎಂದು ಬರೆದಿದ್ದೇನೆ, ಪಕ್ಕದಲ್ಲಿ ಇವತ್ತಿನ ತಾರೀಕು ಹಾಕಿ ಸಹಿ ಮಾಡಿದ್ದೇನೆ. ನಿಯಮದ ಪ್ರಕಾರ ಅದು ಇನ್ನೂ ಲೆಕ್ಕಕ್ಕಿಲ್ಲ. ನಿನ್ನ ಸಹಿಗೆ ಜಾಗ ಬಿಟ್ಟಿದ್ದೇನೆ, ಭಾನುವಾರ ಸ್ಪರ್ಧೆ ಮುಗಿದ ಮೇಲೆ ಮನೆಗೆ ಬಾ.