ಮಕ್ಕಳ ಕೋಣೆಯ ಬಾಗಿಲು

ಭಾನುವಾರ
ಮನೆಯಿಂದ

ಅಣ್ಣನಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಂಡು ಓದು. ಬಲಗೈಯ ಕಟ್ಟು ಇನ್ನೂ ಬಿಚ್ಚಿಲ್ಲ. ಬಿಚ್ಚಿದರೂ ಎರಡು ಬೆರಳು ಮಡಚಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮೊದಲು ‘ಪ್ರೀತಿಯ’ ಎಂದು ಬರೆಯಹೋಗಿ ಬಿಟ್ಟೆ. ‘ಅಣ್ಣ’ ಎನ್ನುವುದನ್ನು ಮಾತ್ರ ಬಿಡಲಾಗಲಿಲ್ಲ.

ನಿನ್ನ ವಕೀಲರು ಮನೆಗೆ ಬಂದಿದ್ದರು. ನೀನು ಕೋಪದಲ್ಲಿ ಗಾಜು ಒಡೆದೆ, ಗಲಾಟೆಯಲ್ಲಿ ಯಾರಿಗೋ ಪೆಟ್ಟು ತಾಗಿತು, ಬೇಕೆಂದು ಹೊಡೆದದ್ದಲ್ಲ ಎಂದು ನಾನು ಕೋರ್ಟಿನಲ್ಲಿ ಹೇಳಬೇಕಂತೆ. ಅಮ್ಮನೂ ಅದನ್ನೇ ಹೇಳುತ್ತಾಳೆ. “ಒಡಹುಟ್ಟಿದೋನನ್ನ ನೀನೇ ಒಳಗೆ ಹಾಕಿಸ್ತೀಯೇನೇ?” ಎಂದು ಕೇಳುತ್ತಾಳೆ, ಆಮೇಲೆ ನನ್ನ ಕೈ ನೋಡಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ. ಅದಕ್ಕೇ ಆವತ್ತು ನಡೆದದ್ದನ್ನು ನೇರ ನಿನಗೇ ಬರೆಯುತ್ತಿದ್ದೇನೆ. ಕೋರ್ಟಿನಲ್ಲಿ ಹೇಳುವುದೂ ಇದನ್ನೇ.

ರಜೆಯ ದಿನವಾದ್ದರಿಂದ ನಮ್ಮ ಲೈಬ್ರರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪ್ಯೂಟರುಗಳ ಮುಂದೆ ಕೆಲಸಕ್ಕೆ ಅರ್ಜಿ ಹಾಕುವವರು, ಕಿಟಕಿ ಪಕ್ಕ ಪರೀಕ್ಷೆಗೆ ಓದುವ ಹುಡುಗಿಯರು, ಮಕ್ಕಳ ಕೋಣೆಯಲ್ಲಿ ಕಥೆ ಕೇಳಲು ಕೂತ ಚಿಲ್ಟಾರಿಗಳು. ನೀನು ವೆಲ್ಡಿಂಗ್ ಅಂಗಡಿಯ ಮಸಿ ಅಂಗಿಯಲ್ಲೇ ಒಳಗೆ ಬಂದೆ. ಕಬ್ಬಿಣದ ಸರಳನ್ನು ಕಾಲಿನ ಹಿಂದೆ ಹಿಡಿದಿದ್ದರಿಂದ ನನಗೆ ಕಾಣಲಿಲ್ಲ. ನಾನು ಕೌಂಟರಿನಿಂದ ನಕ್ಕೆ ಕೂಡ, ಅಂತೂ ಅಣ್ಣ ಲೈಬ್ರರಿಯ ಮೆಟ್ಟಿಲು ಹತ್ತಿದನಲ್ಲ ಎಂದು.

“ನನ್ನ ಹೆಂಡ್ತಿ ಇಲ್ಲಿಗೆ ಬರ್ತಾಳಾ?” ಎಂದು ನೀನು ಕೇಳಿದೆ.

ಯಾರು ಬರುತ್ತಾರೆ, ಏನು ಓದುತ್ತಾರೆ ಎನ್ನುವುದನ್ನು ನಾವು ಹೆಂಡತಿಗೂ ಹೇಳುವುದಿಲ್ಲ, ಗಂಡನಿಗೂ ಹೇಳುವುದಿಲ್ಲ. ಊರಿನ ಯಾವ ಮೂಲೆಯ ಶಾಖೆಗೆ ಹೋದರೂ ಅದೇ ನಿಯಮ. “ಅದನ್ನ ಯಾರಿಗೂ ಹೇಳಲ್ಲಣ್ಣ, ನಿನಗೂ ಹೇಳಲ್ಲ,” ಎಂದೆ. ನೀನು ಕಂಪ್ಯೂಟರನ್ನು ನಿನ್ನತ್ತ ತಿರುಗಿಸಿಕೊಳ್ಳಲು ಹೋದೆ. ನಾನು ಪರದೆಗೆ ಕೈ ಅಡ್ಡ ಇಟ್ಟೆ.

ಅದು ಗಲಾಟೆಯಲ್ಲಿ ತಾಗಿದ ಪೆಟ್ಟಲ್ಲ, ಅಣ್ಣ. ನೀನು ನನ್ನ ಮುಖ ನೋಡಿದೆ, ಕೈ ನೋಡಿದೆ, ಆಮೇಲೆ ಸರಳೆತ್ತಿ ಹೊಡೆದೆ. ಮೂಳೆ ಮುರಿದ ಸದ್ದು ನೋವಿಗಿಂತ ಮೊದಲು ಕೇಳಿಸಿತು. ಮುಂದಿನ ಏಟಿಗೆ ಪರದೆ ಸಿಡಿದು ಚೂರುಗಳು ನನ್ನ ಕೆನ್ನೆಗೆ ಹೊಕ್ಕವು. ನಾನು ಕೆಳಗೆ ಬಿದ್ದೆ. ನೀನು ನನ್ನನ್ನು ದಾಟಿಕೊಂಡು ಹೋದೆ.

ಜನ ಚೀರುತ್ತ ಬಾಗಿಲಿಗೆ ಓಡಿದರು. ನೀನು ಕಪಾಟುಗಳ ಸಾಲಿನಲ್ಲಿ ಒಬ್ಬೊಬ್ಬ ಹೆಂಗಸಿನ ಜಡೆ ಹಿಡಿದೆಳೆದು ಮುಖ ನೋಡಿ ಬಿಸಾಕಿದೆ. ಕೊನೆಗೆ ಮಕ್ಕಳ ಕೋಣೆಯತ್ತ ನಡೆದೆ. ಅದರ ಬಾಗಿಲಿಗೆ ಪೇಪರ್ ತಾತ ಬೆನ್ನು ಕೊಟ್ಟು ನಿಂತಿದ್ದರು. ಹಿಂದೆ ಟೈಲರ್ ಆಗಿದ್ದವರು. ದಿನಾ ಬಂದು ಎಲ್ಲ ಪೇಪರನ್ನೂ ಓದಿ, ಎಲ್ಲ ಪೇಪರಿಗೂ ಬೈದು ಮನೆಗೆ ಹೋಗುವವರು. “ಒಳಗೆ ಮಕ್ಕಳಿದಾವೆ, ಬೇಡ ಕಣಪ್ಪ,” ಎಂದರು. ನೀನು ಅವರ ಮುಖಕ್ಕೇ ಬೀಸಿದೆ. ಬಿದ್ದ ಮೇಲೆ ಮತ್ತೆ ಬೀಸಿದೆ. ಕನ್ನಡಕದ ಗಾಜು ಕಣ್ಣೊಳಗೇ ಮುರಿಯಿತು. ನೀನು ಬಾಗಿಲಿಂದ ಈಚೆ ತಿರುಗಿದಾಗ ಅರ್ಜಿ ಹಾಕಲು ಬಂದಿದ್ದವರು ಕುರ್ಚಿಗಳನ್ನೆತ್ತಿ ನಿನ್ನ ಮೇಲೆ ಬಿದ್ದರು. ನೆಲಕ್ಕೆ ಒತ್ತಿ ಹಿಡಿದಾಗಲೂ ನೀನು ಒಬ್ಬನ ತೋಳು ಕಚ್ಚಿದೆ.

ತಾತನ ಒಂದು ಕಣ್ಣು ತೆಗೆದಿದ್ದಾರೆ. ಇನ್ನೊಂದರಲ್ಲಿ ಬೆಳಕು ಮಾತ್ರ ಗೊತ್ತಾಗುತ್ತದೆ. ಈಗ ಲೈಬ್ರರಿಯ ವ್ಯಾನು ಅವರ ಮನೆಗೆ ಯಾರೋ ಓದಿ ರೆಕಾರ್ಡ್ ಮಾಡಿದ, ಕಿವಿಯಲ್ಲಿ ಕೇಳುವ ಪುಸ್ತಕಗಳನ್ನು ತಲುಪಿಸುತ್ತದೆ. ಓದುವವನ ದನಿ ಎಮ್ಮೆ ಮೆಲುಕು ಹಾಕಿದ ಹಾಗಿದೆ ಎಂದು ಬೈದು ಕಳಿಸಿದ್ದಾರೆ.

ನಮ್ಮ ಮುಖ್ಯ ಗ್ರಂಥಪಾಲಕಿ ಬಂದು, ರಕ್ತದ ಕಲೆ ಉಜ್ಜುತ್ತಿದ್ದವರ ಜೊತೆ ತಾವೂ ಕೂತು ಉಜ್ಜಿದರು. ಇನ್ನು ಬಾಗಿಲಲ್ಲಿ ಗುರುತಿನ ಚೀಟಿ ಕೇಳೋಣ ಎಂದು ಕೆಲವರು ಹೇಳಿದಾಗ ಅವರು ಒಪ್ಪಲಿಲ್ಲ. “ಚೀಟಿ ಕೇಳಿದ್ರೆ ಮೊದಲು ಬರೋದು ನಿಲ್ಲಿಸೋರು, ಹೆದರಿಕೊಂಡು ಬರೋರೇ,” ಎಂದರು. ವಾರ ಕಳೆಯುವ ಮೊದಲೇ ಬಾಗಿಲು ತೆರೆದೆವು.

ಅತ್ತಿಗೆ ಎಲ್ಲಿದ್ದಾಳೆ ಎಂದು ವಕೀಲರ ಕೈಲಿ ಕೇಳಿಸಿದ್ದೀಯ. ಹೇಳುವುದಿಲ್ಲ. ಕ್ಷೇಮವಾಗಿದ್ದಾಳೆ. ನೀನು ಅವಳ ಬೆನ್ನಿನ ಮೇಲೆ ಕಾದ ಕಬ್ಬಿಣದಿಂದ ಮಾಡಿದ್ದನ್ನೆಲ್ಲ ಡಾಕ್ಟರು ನೋಡಿದ್ದಾರೆ. ಉಳಿದದ್ದನ್ನು ಅವಳೇ ಕೋರ್ಟಿನಲ್ಲಿ ಹೇಳುತ್ತಾಳೆ.

ಜೈಲಿಗೂ ನಮ್ಮ ಪುಸ್ತಕದ ಪೆಟ್ಟಿಗೆ ಬರುತ್ತದೆ. ಬೇಕಾದ್ದು ತೆಗೆದುಕೋ. ನೀನು ಏನು ಓದುತ್ತೀ ಎಂದು ನಾನು ನೋಡುವುದಿಲ್ಲ. ಯಾರಾದರೂ ಬಂದು ಕೇಳಿದರೆ, ಕೈ ಮುರಿದರೂ ಹೇಳುವುದಿಲ್ಲ.

ನಿನ್ನ ತಂಗಿ

ತಾ.ಕ.: ಇದನ್ನು ಬರೆಯೆಂದು ಅತ್ತಿಗೆಯೇ ಹೇಳಿದಳು. ಆವತ್ತು ಮಕ್ಕಳಿಗೆ ಕಥೆ ಓದುತ್ತಿದ್ದವಳು ಅವಳೇ. ನಿನಗೆ ಗೊತ್ತಿಲ್ಲದೆ ನಮ್ಮಲ್ಲೇ ಓದಲು ಕಲಿತು, ಮೊದಲ ಸಲ ಇನ್ನೊಬ್ಬರಿಗೆ ಓದಿ ಹೇಳಲು ಕೂತಿದ್ದಳು. ನಿನ್ನ ದನಿ ಕೇಳಿ ಚಿಲಕ ಹಾಕಿ, ಮಕ್ಕಳು ಹೆದರಬಾರದೆಂದು ಗಟ್ಟಿಯಾಗಿ ಓದುತ್ತ ಹೋದಳು. ತಾತನನ್ನು ಕೆಡವಿದ ಮೇಲೆ ನೀನು ಆ ಬಾಗಿಲಿಗೆ ಕಿವಿಯಿಟ್ಟು ಆಲಿಸಿದ್ದನ್ನು ನಾನು ನೆಲದ ಮೇಲಿಂದ ನೋಡಿದೆ. “ಅವಳಲ್ಲ, ಯಾರೋ ಟೀಚರು,” ಎಂದು ನಿನಗೆ ನೀನೇ ಹೇಳಿಕೊಂಡು ಈಚೆ ತಿರುಗಿದೆ.