ಶೀಲಕ್ಕನ ಬೀಗರಿಗೆ ಹಿಡಿದ ಕೋಣೆ

ಭಾನುವಾರ ರಾತ್ರಿ, ಕುರುಗೋಡು.

ಸಕಲ ತಲೆಗಳ ಎಣ್ಣೆಯಿಂದ ಅಭಿಷಿಕ್ತರಾದ, ಬಳ್ಳಾರಿಯ ಲಾಡ್ಜೊಂದರ ಮಂಚದ ಮೇಲೆ ವಿರಾಜಮಾನರಾದ ಶ್ರೀಮನ್ಮಹಾ ದಿಂಬು ಸಾರ್ವಭೌಮರ ಸನ್ನಿಧಾನಕ್ಕೆ, ವಾಕರಿಕೆಪೂರ್ವಕ ಸಾಷ್ಟಾಂಗ ನಮಸ್ಕಾರಗಳು.

ಬಳ್ಳಾರಿಯಲ್ಲಿ ನಡೆಯುವ ಶೀಲಕ್ಕನ ಮದುವೆಗೆ ಸಿರುಗುಪ್ಪದಿಂದ ಬರುವ ಬೀಗರಿಗೆ ಕೋಣೆ ಹಿಡಿಯುವ ಕೆಲಸ ಅಪ್ಪ ನನಗೆ ಹಚ್ಚಿದ್ದಾರೆ. ಮದುವೆಗಳ ಕಾಲ, ನಮ್ಮ ಕೈಗೆಟುಕುವ ಲಾಡ್ಜುಗಳೆಲ್ಲ ಭರ್ತಿ. ಉಳಿದದ್ದು ತಾವು ವಿರಾಜಿಸುವ ಇದೊಂದೇ. ಗೋಡೆಯ ಮೂಲೆಯಲ್ಲಿ ಗುಟ್ಕಾ ಉಗುಳಿದ ಕೆಂಪು, ಬಚ್ಚಲಿನ ಜಾಲರಿಯಲ್ಲಿ ಯಾರದೋ ಕೂದಲಿನ ಉಂಡೆ. ಥೂ! ರಾತ್ರಿ ಶಾವಿಗೆ ಬಡಿಸಿದಾಗ ಅದೇ ಕಣ್ಣಮುಂದೆ ಬಂತು. ತಟ್ಟೆ ಸರಿಸಿ ಎದ್ದೆ.

“ಚಾದರ ಯಾವಾಗ ಒಗದೀರಿ?” ಎಂದು ಮ್ಯಾನೇಜರನನ್ನು ಕೇಳಿದ್ದೆ.

“ಒಗಿಯಾಕ ಏನೈತಿ ತಮ್ಮಾ? ಮೊನ್ನಿ ಮಲಗಿದ್ದೋರು ಭಾಳ ಸ್ವಚ್ಛ ಮಂದಿ!”

ವರನ ಅಜ್ಜಿ ಅಕ್ಕನಾಗಮ್ಮ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಹನಿ ನೀರೂ ಮುಟ್ಟುವವರಲ್ಲ. ಆ ಬಚ್ಚಲು ಕಂಡರೆ ಮದುವೆಯ ದಿನ ಉಪವಾಸವೇ ಕೂರುತ್ತಾರೆ. ‘ಅಜ್ಜಿಯನ್ನು ಉಪವಾಸ ಕೆಡವಿದ ಮನೆಯವಳು’ ಎಂಬ ಮಾತನ್ನು ಶೀಲಕ್ಕ ಬದುಕಿಡೀ ಕೇಳಬೇಕು.

ಊಟ ಬಿಟ್ಟೆದ್ದು ಗೆಳೆಯ ಶರಣನಿಗೆ ಫೋನಿನಲ್ಲಿ ಘೋಷಿಸಿದೆ: “ಲೇ, ಸತ್ರೂ ಆ ಬಚ್ಚಲದಾಗ ಕಾಲಿಡಂಗಿಲ್ಲ ನಾ!”

“ಮತ್ತ ತೊಳಿಯೋರು ಯಾರಲೇ? ನಿಮ್ಮಪ್ಪನಾ?” ಎಂದು ನಕ್ಕ.

ಅವನಿಗೆ ಹೇಳಿದ್ದು ಸುಳ್ಳು. ಮಧ್ಯಾಹ್ನವೇ ಫಿನಾಯಿಲ್ ಕೊಂಡು ತಂದು, ಮಂಡಿಯೂರಿ ಕೂತು ಆ ಬಚ್ಚಲು ತಿಕ್ಕಿದೆ. ಕೂದಲಿನ ಉಂಡೆಯನ್ನು ಎಳೆದು ತೆಗೆದದ್ದು ಇದೇ ಕೈ. ಶೀಲಕ್ಕನಿಗೆ ಗೊತ್ತಾಗಬಾರದು, ಗೊತ್ತಾದರೆ ಅತ್ತುಬಿಡುತ್ತಾಳೆ. ಆಮೇಲೆ ನಮ್ಮ ಮನೆಯ ಬಚ್ಚಲನ್ನೂ ನನಗೇ ಹಚ್ಚುತ್ತಾರೆ ಅಪ್ಪ!