ಕಾರ್ಡಿನಲ್ಲಿ ಬರೆಸಿದ ಹೆಸರು

೧೨ ಡಿಸೆಂಬರ್, ಶನಿವಾರ. ಸನವಳ್ಳಿ.

ಮಗಳಿಗೆ ಮೂರು ತಿಂಗಳು ತುಂಬಿತು. ಇನ್ನೂ ಹೆಸರಿಟ್ಟಿಲ್ಲ. ಪಂಚಾಯ್ತಿ ಚುನಾವಣೆಗೆ ನಿಲ್ಲುವ ಮನಸ್ಸಾದಾಗಿನಿಂದ ಇವರದು ಒಂದೇ ಮಾತು: “ಗೆದ್ದ ಮ್ಯಾಲ ಊರಿಗೆಲ್ಲಾ ಊಟಾ ಹಾಕಿ ತೊಟ್ಟಿಲಕ್ಕ ಹಾಕೂಣು. ಈ ಸಲ ಗೆಲ್ಲೂದ ಐತಿ.” ಗೆಲ್ಲುತ್ತಾರೆ ಎಂದೇ ನನಗೂ ಅನ್ನಿಸುತ್ತದೆ. ಆದರೆ ನಾನು ಅನುವಾದದಲ್ಲಿ ಓದುವ ರಷ್ಯನ್ ಕಾದಂಬರಿಗಳಲ್ಲಿ ಒಬ್ಬೊಬ್ಬರಿಗೂ ಮೂರು ಹೆಸರು. ಇವಳಿಗೆ ಒಂದೂ ಇಲ್ಲ.

ಬೆಳಿಗ್ಗೆ ಅಂಗನವಾಡಿಯಲ್ಲಿ ತೂಕ ಮಾಡಿಸಿದೆ, ಐದು ಕಿಲೋ ನಾನೂರು. ಅಲ್ಲಿಯ ಟೀಚರ್ ಮಹಾದೇವಕ್ಕ ಕಾರ್ಡು ಹಿಡಿದು ನಕ್ಕರು: “ಇನ್ನೂ ‘ಪೂರ್ಣಿಮಾನ ಕೂಸು’ ಅಂತನ ಬರೀಲೇನವ್ವಾ? ಮದವಿ ಕಾರ್ಡಿನಾಗೂ ಇದನ್ನ ಹಾಕಸ್ತೀಯೇನು?”

“ಶಾಂಭವಿ,” ಅಂದುಬಿಟ್ಟೆ. ನಾವಿಬ್ಬರೇ ಇದ್ದಾಗ ನಾನು ಕರೆಯುವ ಹೆಸರು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರನ್ನು ಮೊದಲು ಹೇಳಬೇಕಾದವಳು ನಾದಿನಿ. ಮಹಾದೇವಕ್ಕ ಬರೆದೂಬಿಟ್ಟರು. ಇವರಿಗೆ ಬೇರೆಯವರಿಂದ ಗೊತ್ತಾಗಬಾರದು, ನಾನೇ ಹೇಳಬೇಕು ಎಂದುಕೊಳ್ಳುತ್ತ ಮನೆಗೆ ಬಂದೆ.

ಊಟಕ್ಕೆ ಬಂದಾಗ ಇವರ ಕೈಯಲ್ಲಿ ಮತದಾರರ ಪಟ್ಟಿ ಇತ್ತು. ತಾಟು ಇಟ್ಟು ಮೆಲ್ಲಗೆ ಹೇಳಿದೆ: “ಶಾಂಭವಿ ಈಗರ ಮಲಗಿದ್ಳು ನೋಡ್ರಿ.”

ತಲೆ ಎತ್ತಲಿಲ್ಲ. “ಯಾವ ವಾರ್ಡಿನಾಕಿ?”

“ನಮ್ಮ ವಾರ್ಡಿನಾಕಿನ,” ಅಂದೆ.

ಇನ್ನೂ ಪಟ್ಟಿಯಲ್ಲಿ ಹುಡುಕುತ್ತಾ ಕುಳಿತಿದ್ದಾರೆ.